ಐದನೇ ಮಹಡಿಯ ಹೊರಗಿನ ಬೀಗ

ಸಿಂಗಪುರದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಎಂಥದ್ದು ಎಂದು ಊರಿನವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ಮೈಸೂರಿನಿಂದ ಫೋನ್ ಮಾಡಿದ ಅಮ್ಮ, "ಅಂದ್ರೆ ನೀನು ಬಿಲ್ಡಿಂಗ್ ನೋಡ್ಕೋತೀಯಾ? ಅದನ್ನೇನೇ ನೋಡ್ಕೊಳ್ಳೋದು? ಅದರ ಪಾಡಿಗೆ ಅದು ನಿಂತಿರಲ್ವಾ?" ಎಂದು ಕೇಳಿದ್ದಳು.

ಕಾಕಿ ಬುಕಿತ್‌ನಲ್ಲಿದ್ದ ಆ ಕಟ್ಟಡದ ತುಂಬ ಸಣ್ಣ ಸಣ್ಣ ಕಾರ್ಖಾನೆಗಳಿದ್ದವು. ಕೆಳಗೆ ಕಾರು ರಿಪೇರಿಯವರು, ಮೇಲೆ ಪ್ರಿಂಟಿಂಗಿನವರು, ಸೋಫಾ ಹೊಲಿಯುವವರು, ಕೇಕ್ ಮಾಡುವವರು. ಲಿಫ್ಟಿನಲ್ಲಿ ಒಂದು ಕಡೆಯಿಂದ ಗ್ರೀಸ್ ವಾಸನೆ, ಇನ್ನೊಂದು ಕಡೆಯಿಂದ ಬೆಣ್ಣೆಯ ವಾಸನೆ. ಒಂದೊಂದು ಯೂನಿಟ್‌ಗೂ ಬೇರೆ ಬೇರೆ ಮಾಲೀಕರು. ಅವರೆಲ್ಲ ಸೇರಿ ಒಂದು ಕಮಿಟಿ. ಆ ಕಮಿಟಿಯ ಪರವಾಗಿ ಲಿಫ್ಟು, ನೀರು, ಕಸ, ಕಾವಲು ಎಲ್ಲವನ್ನೂ ನೋಡಿಕೊಳ್ಳುವ ಆಫೀಸು ನಮ್ಮದು. ಆಫೀಸೆಂದರೆ ಮ್ಯಾನೇಜರ್ ಮತ್ತು ನಾನು, ಅಷ್ಟೆ.

ಮ್ಯಾನೇಜರ್ ಐವತ್ತು ದಾಟಿದ ಚೀನೀ ಹೆಂಗಸು. ಮೊದಲ ದಿನ ಮೇಡಂ ಎಂದದ್ದಕ್ಕೆ "ಇದೇನು ಸ್ಕೂಲಾ?" ಎಂದು ಗದರಿದ್ದರು. ಅಂದಿನಿಂದ ಆಂಟಿ ಎನ್ನುತ್ತಿದ್ದೆ. ಬೆಳಿಗ್ಗೆ ಮೇಜಿನ ಮೇಲೇ ಬನ್ನು ತಿನ್ನುತ್ತ, ಬಾಯಿ ತುಂಬಿಕೊಂಡೇ ಫೋನಿನಲ್ಲಿ ಲಿಫ್ಟ್ ಕಂಪನಿಯವರನ್ನು ಬೈಯುತ್ತಿದ್ದರು. ನನ್ನ ಮನೆ, ಗಂಡ, ಮಗಳು, ಯಾವುದರ ಬಗ್ಗೆಯೂ ಕೇಳಿದವರಲ್ಲ. ನಾನೂ ಹೇಳಿರಲಿಲ್ಲ.

ನಮ್ಮ ಮನೆ ಜುರಾಂಗ್ ಈಸ್ಟ್‌ನಲ್ಲಿ. ಆಗಿನ್ನೂ ಕಾಕಿ ಬುಕಿತ್‌ಗೆ ಎಂಆರ್‌ಟಿ ರೈಲು ಬಂದಿರಲಿಲ್ಲ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಒಂದೇ ರೈಲು ಹತ್ತುತ್ತಿದ್ದೆವು. ಅವನು ತನ್ನ ಬ್ಯಾಂಕಿಗೆ ರಾಫೆಲ್ಸ್ ಪ್ಲೇಸ್‌ನಲ್ಲಿ ಇಳಿದರೆ ಗಾಡಿ ಅರ್ಧ ಖಾಲಿಯಾಗಿ ನನಗೆ ಕೂರಲು ಸೀಟು ಸಿಗುತ್ತಿತ್ತು. ಆಮೇಲೆ ಯೂನೋಸ್‌ನಲ್ಲಿ ಇಳಿದು ಬಸ್ಸು.

ಐದನೇ ಮಹಡಿಯ ಮೂಲೆಯ ಯೂನಿಟ್‌ಗೆ ಹೊಸ ಬಾಡಿಗೆದಾರ ಬಂದದ್ದು ಚೀನೀ ಹೊಸವರ್ಷ ಕಳೆದ ಮೇಲೆ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ನಡುವಯಸ್ಸು. ಬಂದ ದಿನವೇ ನಮಗೆ ಅನಾನಸ್ ಬಿಸ್ಕತ್ತಿನ ಡಬ್ಬಿ ಕೊಟ್ಟ. ಗೇಟಿನ ಕಾವಲುಗಾರರಿಗೆ ದಿನಾ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ತಂದುಕೊಡುತ್ತಿದ್ದ. ತನ್ನ ವ್ಯಾಪಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಹೊರದೇಶದ ಕೂಲಿಯವರ ಕೆಲಸದ ಪರ್ಮಿಟ್ಟನ್ನು ಕಂಪನಿ ರದ್ದು ಮಾಡಿದಾಗ ಅವರು ವಿಮಾನ ಹತ್ತುವ ತನಕ ತನ್ನ ಹತ್ತಿರ ಇಟ್ಟುಕೊಳ್ಳುವುದು, ಆಮೇಲೆ ಏರ್‌ಪೋರ್ಟಿಗೆ ಕರೆದೊಯ್ದು ಹತ್ತಿಸಿ ಬರುವುದು.

"ಓಡಿಹೋಗಿ ಇಲ್ಲೇ ಉಳಿದುಬಿಟ್ಟರೆ ಕಂಪನಿಗೆ ತೊಂದರೆ. ಅದಕ್ಕೇ ನನ್ನನ್ನ ಕರೀತಾರೆ," ಎಂದ. ಮತ್ತೆ ತನ್ನ ಕೋರಿಕೆ ಇಟ್ಟ. ತನ್ನ ಜನ ಯಾರಾದರೂ ಒಬ್ಬರೇ ಕೆಳಗೆ ಬಂದರೆ ಗೇಟಿನಲ್ಲಿ ತಡೆದು ನಿಲ್ಲಿಸಿ ತನಗೊಂದು ಫೋನ್ ಮಾಡಬೇಕು. ಅಷ್ಟು ಉಪಕಾರ ಸಾಕು.

"ಕಮಿಟೀಲಿ ಕೇಳ್ತೀನಿ," ಎಂದರು ಆಂಟಿ. ಆದರೆ ಕಮಿಟಿ ಸೇರುವುದು ಮೂರ್ನಾಲ್ಕು ತಿಂಗಳಿಗೊಮ್ಮೆ. ಅಷ್ಟರಲ್ಲಿ ಕಾಫಿಯ ಋಣಕ್ಕೋ ಏನೋ, ಗೇಟಿನವರು ಕೇಳಿದ್ದನ್ನು ಮಾಡತೊಡಗಿದ್ದರು.

ನಮಗೆ ಅದು ಗೊತ್ತಾದದ್ದು ಹಗಲು ಪಾಳಿಯ ಕಾವಲುಗಾರ ಅಂಕಲ್‌ನಿಂದ. ಅವರು ಮಲೇಷ್ಯಾದ ತಮಿಳರು. ದಿನಾ ಜೋಹೋರ್‌ನಿಂದ ಸೇತುವೆ ದಾಟಿ ಕೆಲಸಕ್ಕೆ ಬರುತ್ತಿದ್ದರು. ಮೈಸೂರಿನ ನಮ್ಮ ಬೀದಿಯ ತಮಿಳು ಕೇಳಿ ಬೆಳೆದವಳು ನಾನು, ಹಾಗಾಗಿ ನನ್ನೊಂದಿಗೆ ತಮಿಳಿನಲ್ಲೇ ಮಾತು. ಒಂದು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು.

"ನಿನ್ನೆ ಒಬ್ಬ ಮೇಲಿನಿಂದ ಇಳಿದು ಬಂದ ಕಣಮ್ಮ. ಫೋನಿಗೆ ದುಡ್ಡು ಹಾಕಿಸ್ಬೇಕು, ಅಂಗಡಿಗೆ ಹೋಗಿ ಬರ್ತೀನಿ ಅಂದ. ನಾನು ಅಡ್ಡ ನಿಂತೆ. ಕೈಮುಗಿದ. ನನ್ನ ಮಗನ ವಯಸ್ಸು. ವಾಪಸ್ ಲಿಫ್ಟಿಗೆ ಕಳಿಸಿದೆ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಮುಂದುವರಿಸಿದರು. "ಕಂಡೋರು ಒಳಗೆ ನುಗ್ಗದ ಹಾಗೆ ನೋಡ್ಕೊಳ್ಳೋಕೆ ನನ್ನ ಇಟ್ಟಿದ್ದು. ಒಳಗಿರೋರನ್ನ ಹೊರಗೆ ಬಿಡಬೇಡ ಅಂತ ಯಾರು ಹೇಳಿದ್ದು? ಮೇಡಂ ಹೇಳಿದ್ರಾ?"

ನಾನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬನ್ನು ಕಚ್ಚುವುದನ್ನು ನಿಲ್ಲಿಸಿ, "ನಾನು ಹೇಳಿಲ್ಲ," ಎಂದರು. ಆದರೆ ಆಗ ಅಷ್ಟಕ್ಕೇ ಬಿಟ್ಟರು.

ಅದೇ ವಾರ ನಾಲ್ಕನೇ ಮಹಡಿಯ ಪ್ರಿಂಟಿಂಗಿನವರು ಚಾವಣಿಯಿಂದ ನೀರು ಸೋರುತ್ತಿದೆ ಎಂದು ದೂರು ಕೊಟ್ಟರು. ಪೈಪು ಎಲ್ಲಿಂದ ಹೋಗುತ್ತದೆಂದು ನೋಡಲು ನಾನು ಐದನೇ ಮಹಡಿಯ ಹಿಂದಿನ ಓಣಿಗೆ ಹೋದೆ. ಸಾಮಾನು ಸಾಗಿಸಲು ಮಾತ್ರ ಬಳಸುವ ಜಾಗ, ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಮೂಲೆಯ ಯೂನಿಟ್ಟಿನ ಹಿಂಬಾಗಿಲಿಗೆ ಹೊಸದಾಗಿ ಕಬ್ಬಿಣದ ಗ್ರಿಲ್ ಹಾಕಿಸಿದ್ದರು. ಗ್ರಿಲ್ಲಿಗೆ ಹೊರಗಡೆಯಿಂದ ಬೀಗ. ಅದರ ಹಿಂದಿನ ಮರದ ಬಾಗಿಲು ಸೆಕೆಗೆ ಅರ್ಧ ತೆರೆದಿತ್ತು. ಒಳಗಿಂದ ಕನ್ನಡ ಕೇಳಿಸಿತು.

"ಹೂಂ ಬೇ... ಉಂಡೀನಿ... ಅನ್ನ, ಕೋಳಿ. ಆರಾಮ ಅದೀನಿ ಬೇ. ಕೆಲಸ ಭಾಳ ಐತಿ, ಅದಕ್ಕ ಫೋನ್ ಮಾಡಾಕ ಆಗಿಲ್ಲ. ನೀ ಗುಳಿಗಿ ತಗೊಂಡೇನು?"

ತಾಯಿಯ ಜೊತೆ ಮಾತಾಡುತ್ತಿದ್ದಾನೆಂದು ತಿಳಿಯಿತು. ಅವನು ಫೋನ್ ಇಟ್ಟ. ಪೈಪು ನೋಡಿಕೊಂಡು ಹೊರಟುಬಿಡಬಹುದಿತ್ತು. ಬಾಯಿ ತಡೆಯಲಿಲ್ಲ.

"ನೀವು ಕನ್ನಡದವರಾ?" ಎಂದೆ.

ಗ್ರಿಲ್ಲಿನ ಹಿಂದೆ ಒಂದು ಮುಖ ಬಂತು. ಮೂವತ್ತರ ಆಸುಪಾಸು, ಬೆಳೆದ ಗಡ್ಡ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಬೆರಳುಗಳಿಗೆ ಸುತ್ತಿದ್ದ ಬಟ್ಟೆ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು.

"ಹೌದ್ರಿ ಅಕ್ಕಾರ. ನೀವು ನಮ್ಮ ಕಡ್ಯಾವ್ರೇನ್ರಿ?"

"ನಾನು ಮೈಸೂರು."

"ಮೈಸೂರಾ! ನಮ್ದು ಬಾಗಲಕೋಟಿರಿ," ಎಂದು ನಕ್ಕ. ಊರಲ್ಲಿದ್ದಿದ್ದರೆ ಮೈಸೂರೂ ಅವನ ಬಾಗಲಕೋಟೆಯೂ ಎರಡು ದೇಶಗಳಷ್ಟು ದೂರ. ಆ ಗ್ರಿಲ್ಲಿನ ಹತ್ತಿರ ಮಾತ್ರ ಓಣಿಯ ಆಚೆ ಈಚೆ ಮನೆಯವರಂತೆ ನಿಂತು ಮಾತಾಡಿದೆವು.

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತು, ಇಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಕೆಲಸಕ್ಕೆ ಬಂದವನು. ಕಬ್ಬಿಣದ ತಗಡು ಜಾರಿ ಕೈಮೇಲೆ ಬಿದ್ದಿತ್ತು. ಕಂಪನಿಯ ಕ್ಲಿನಿಕ್ಕಿನಲ್ಲಿ ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ನೋವು ಕಡಿಮೆಯಾಗದೆ, ದೊಡ್ಡ ಆಸ್ಪತ್ರೆಗೆ ಕಳಿಸಿ, ಎಕ್ಸ್‌ರೇ ತೆಗೆಸಬೇಕು ಎಂದು ಕೇಳಿದ್ದ. ಮರುದಿನ ಸೂಪರ್‌ವೈಸರ್ ಬಂದು ಪರ್ಮಿಟ್ ಕ್ಯಾನ್ಸಲ್ ಆಗಿದೆ, ಬ್ಯಾಗ್ ಕಟ್ಟಿಕೋ ಎಂದ. ವ್ಯಾನು ಇಲ್ಲಿಗೆ ತಂದು ಇಳಿಸಿತು.

"ಹೊರಗೆ ಬಿಡಿ ಅಂತ ಕೇಳಲಿಲ್ವಾ?"

"ಕೇಳಿದ್ನಿರಿ. ಹೊರಗ ಹೆಜ್ಜಿ ಇಟ್ರ ಪೊಲೀಸ್ರು ಹಿಡಿತಾರ, ನಿನಗ ಈಗ ಪರ್ಮಿಟ್ ಇಲ್ಲ ಅಂದ್ರು. ನಾ ಏನ್ ಕಳವು ಮಾಡೀನ್ರಿ ಅಕ್ಕಾರ? ಕೈ ತೋರಸ್ಬೇಕು ಅಂದೆ, ಅಷ್ಟ."

ಯಾರಿಗೆ ಹೇಳಬೇಕು, ಯಾವ ಕಾನೂನು ಏನು ಹೇಳುತ್ತದೆ, ಒಂದೂ ಗೊತ್ತಿರಲಿಲ್ಲ. "ಕೇಳಿ ನೋಡ್ತೀನಿ," ಎಂದಷ್ಟೇ ಅಂದೆ.

"ಕೇಳ್ರಿ. ಆದ್ರ ನನ್ನ ಹೆಸರ ಹೇಳಬ್ಯಾಡ್ರಿ."

ನಾನು ಅವನ ಹೆಸರನ್ನೇ ಕೇಳಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವನು ಚಮಚ ಕೆಳಗಿಟ್ಟ.

"ನೋಡು, ನಾವೇ ಇಲ್ಲಿ ವರ್ಕ್ ಪಾಸ್ ಮೇಲೆ ಇದೀವಿ. ನಿನ್ನ ಪಾಸ್ ನನ್ನ ಪಾಸಿಗೆ ಲಿಂಕ್ ಆಗಿದೆ. ಪರ್ಮನೆಂಟ್ ರೆಸಿಡೆನ್ಸಿಗೆ ಹಾಕಿದ ಅಪ್ಲಿಕೇಶನ್ ಬೇರೆ ಪೆಂಡಿಂಗ್ ಇದೆ. ಇಂಥದ್ರಲ್ಲಿ ಇನ್ವಾಲ್ವ್ ಆಗೋದು ಬೇಕಾ?"

"ನಾನೇನು ಜಗಳಕ್ಕೆ ಹೋಗ್ತಿಲ್ಲ. ಬೀಗ ಹೊರಗಡೆಯಿಂದ ಹಾಕಿದ್ರು ಕಣೋ. ಒಳಗೆ ಮನುಷ್ಯ ಇದ್ದ."

"ಎಂಪ್ಲಾಯರ್ ಕ್ಯಾನ್ಸಲ್ ಮಾಡಿದ್ರೆ ವಾಪಸ್ ಹೋಗ್ಲೇಬೇಕಲ್ವಾ? ನಾಳೆ ನನ್ನ ಬ್ಯಾಂಕ್ ಕ್ಯಾನ್ಸಲ್ ಮಾಡಿದ್ರೂ ನಾವು ಹೋಗ್ಬೇಕು. ರೂಲ್ ಅದು."

"ಹೋಗ್ಬೇಕು. ಸರಿ. ನಮ್ಮನ್ನ ಯಾರಾದ್ರೂ ರೂಮಲ್ಲಿ ಹಾಕಿ ಬೀಗ ಹಾಕ್ತಾರಾ?"

ಅವನು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದ. ನಾನೂ ಬೆಳೆಸಲಿಲ್ಲ. ಅವನ ಭಯ ಸುಳ್ಳಲ್ಲ. ನನ್ನೊಳಗೂ ಅದೇ ಭಯವಿತ್ತು. ಈ ಊರಿನಲ್ಲಿ ನಾವು ಕಟ್ಟಿಕೊಂಡದ್ದೆಲ್ಲ, ಮಗಳ ಶಾಲೆ, ಬಾಡಿಗೆ ಮನೆ, ಭಾನುವಾರದ ಗೆಳೆಯರು, ಪಾಸ್ ಎಂಬ ಒಂದು ಪ್ಲಾಸ್ಟಿಕ್ ಕಾರ್ಡಿನ ಮೇಲೆ ನಿಂತಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಅವನ ಜೊತೆ ರೈಲು ಹತ್ತಿದೆ. ರಾಫೆಲ್ಸ್ ಪ್ಲೇಸ್ ಬರುವುದಕ್ಕೆ ಸ್ವಲ್ಪ ಮುಂಚೆ ಕಿವಿಯ ಹತ್ತಿರ ಬಾಗಿ, "ನನ್ನ ಟೀಮಲ್ಲಿ ಒಬ್ಬಳು ಲೋಕಲ್ ಹುಡುಗಿ ಇದಾಳೆ. ವೀಕೆಂಡಲ್ಲಿ ವರ್ಕರ್ಸ್‌ಗೆ ಹೆಲ್ಪ್ ಮಾಡೋ ಗ್ರೂಪಲ್ಲಿ ವಾಲಂಟಿಯರ್ ಮಾಡ್ತಾಳೆ. ನಿನಗೆ ಕಾಲ್ ಮಾಡೋಕೆ ಹೇಳ್ತೀನಿ," ಎಂದು ಇಳಿದು ಜನದಲ್ಲಿ ಬೆರೆತುಹೋದ. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದನೆಂದು ಕಾಣುತ್ತದೆ.

ಆಫೀಸಿಗೆ ಹೋದವಳು ಆಂಟಿಗೆ ಎಲ್ಲ ಹೇಳಿದೆ. ಅವರು ಅಯ್ಯೋ ಪಾಪ ಎಂದು ಕರಗುವ ಜಾತಿಯಲ್ಲ. ಕೇಳಿದ್ದು ಎರಡೇ ಮಾತು.

"ಬೀಗ ಯಾವ ಕಡೆ ಇತ್ತು?"

"ಹೊರಗೆ."

"ಆಗ ಒಳಗೆ ಜನ ಇದ್ದರಾ?"

"ಇದ್ದರು."

ಎದ್ದು ಸೀದಾ ಐದನೇ ಮಹಡಿಗೆ ಹೋದರು. ನಾನು ಹಿಂದೆ. ಹಿಂಬಾಗಿಲು ನೋಡಿ, ಸುತ್ತಿ ಬಂದು ಮುಂಬಾಗಿಲಿನ ಗಂಟೆ ಒತ್ತಿದರು. ಇಸ್ತ್ರಿ ಅಂಗಿಯವನು ನಗುತ್ತ ಬಂದ. ಅವನ ಹಿಂದೆ ಬಾಗಿಲಿಗೆ ಕುರ್ಚಿ ಒರಗಿಸಿಕೊಂಡು ದಪ್ಪನೆಯ ಒಬ್ಬ ಆಳು ಕೂತಿದ್ದ.

"ಬೆಂಕಿ ಬಿದ್ದರೆ ಇವರು ಹೇಗೆ ಹೊರಗೆ ಬರ್ತಾರೆ?" ಎಂದರು ಆಂಟಿ.

"ಓ, ಆ ಬೀಗಾನಾ? ಅವರ ಸೇಫ್ಟಿಗೇ ಹಾಕಿದ್ದು. ತೆಗೆದುಬಿಡ್ತೀನಿ ಬಿಡಿ." ಹೇಳಿದಂತೆಯೇ ಹೋಗಿ ತೆಗೆದುಬಂದ. "ಮುಂಬಾಗಿಲಿಗೆ ಬೀಗವೇ ಇಲ್ಲ, ನೋಡಿ."

"ಹಾಗಾದರೆ ಮುಂಬಾಗಿಲಿಂದ ಅವರು ಹೋಗಬಹುದಾ?"

"ಹೋಗಿ ಎಲ್ಲಿಗೆ ಹೋಗ್ತಾರೆ ಆಂಟಿ?"

"ನಾನು ಕೇಳಿದ್ದು ಅದಲ್ಲ."

ಅವನ ನಗು ಹಾಗೇ ಇತ್ತು. ಕೆಟ್ಟವನೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಒಳಗೆ ಚಾಪೆಗಳು ನೀಟಾಗಿ ಹಾಸಿದ್ದವು. ಊಟದ ಪೊಟ್ಟಣಗಳು ಮೇಜಿನ ಮೇಲೆ ಬಿಸಿಯಾಗಿದ್ದವು. ಯಾರೋ ಬೇಡ ಎಂದಿದ್ದಕ್ಕೆ ಒಂದರ ಮೇಲೆ 'ಖಾರ ಬೇಡ' ಎಂದು ಬರೆಸಿ ತಂದಿದ್ದ. ಆದರೆ ಕುರ್ಚಿಯ ಆಳು ಬಾಗಿಲು ಬಿಟ್ಟು ಏಳಲಿಲ್ಲ.

ನಾವು ಕೆಳಗೆ ಬರುವಷ್ಟರಲ್ಲಿ ಗಂಡನ ಸಹೋದ್ಯೋಗಿ ಫೋನ್ ಮಾಡಿದಳು. ನಿಧಾನವಾಗಿ, ನನಗೆ ತಿಳಿಯುವ ಹಾಗೆ ವಿವರಿಸಿದಳು. ಪರ್ಮಿಟ್ ರದ್ದು ಮಾಡುವುದು ಕಂಪನಿಯ ಕೈಯಲ್ಲಿದೆ. ಆದರೆ ಕೆಲಸದಲ್ಲಿ ಗಾಯವಾದವನು ಪರಿಹಾರದ ಕೇಸ್ ಹಾಕಿದರೆ, ಅದು ಮುಗಿಯುವವರೆಗೆ ಇಲ್ಲಿರಲು ಅವನಿಗೆ ಬೇರೆ ವಿಶೇಷ ಪಾಸು ಸಿಗುತ್ತದೆ. ಹಿಡಿಯುವುದು, ಕೂಡಿಹಾಕುವುದು ಸರ್ಕಾರಕ್ಕೆ ಬಿಟ್ಟದ್ದು, ಅದಕ್ಕೂ ಕಾನೂನಿದೆ. ಒಂದು ಖಾಸಗಿ ಆಫೀಸಿಗೆ ಆ ಹಕ್ಕಿಲ್ಲ. ಅವನಿಗೆ ಹೊರಗೆ ಬರಬೇಕೆಂದಿದ್ದರೆ ಪೊಲೀಸರನ್ನು ಕರೆಯಿರಿ. "ಆದರೆ ಬರಬೇಕು ಅಂತ ಅವನೇ ಹೇಳಬೇಕು. ನೀವು ಅವನ ಪರವಾಗಿ ಹೇಳೋ ಹಾಗಿಲ್ಲ," ಎಂದಳು.

ನಾನು ಪೊಲೀಸರಿಗೆ ಫೋನ್ ತಿರುಗಿಸಲು ಹೋದೆ. ಆಂಟಿ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನೀನು ಪಾಸ್ ಮೇಲೆ ಇರೋಳು. ಬಿಲ್ಡಿಂಗ್ ನನ್ನ ಜವಾಬ್ದಾರಿ. ನಾನು ಮಾಡ್ತೀನಿ."

ನನ್ನ ಪಾಸಿನ ವಿಷಯ ಅವರಿಗೆ ನೆನಪಿರಬಹುದೆಂದು ನಾನು ಎಣಿಸಿರಲಿಲ್ಲ.

ಬಂದ ಪೊಲೀಸರು ಇಬ್ಬರೂ ಎಳೆಯರು, ಸಭ್ಯರು. ಭಾಷೆ ಬರುವ ನನ್ನನ್ನೂ ಮೇಲೆ ಕರೆದುಕೊಂಡು ಹೋದರು. ಒಳಗೆ ಮೂರು ಜನ ಇದ್ದರು. ಇಂಗ್ಲಿಷ್ ಬರುತ್ತಿದ್ದ ಬಾಂಗ್ಲಾದೇಶದವನೊಬ್ಬ ಮೊದಲೇ ಹೇಳಿಬಿಟ್ಟ. ನಾಳೆ ಟಿಕೆಟ್ ಇದೆ, ಮಗಳನ್ನು ನೋಡಲು ಕಾಯುತ್ತಿದ್ದೇನೆ, ಇಲ್ಲೇ ಇರುತ್ತೇನೆ, ಕೆಳಗೆ ಹೋಗಿ ಒಂದು ಸಿಗರೇಟು ಸೇದಲು ಬಿಟ್ಟರೆ ಸಾಕು. ತಮಿಳು ಹುಡುಗನೊಬ್ಬ ಹೌದೋ ಅಲ್ಲವೋ ತಿಳಿಯದಂತೆ ತಲೆಯಾಡಿಸಿದ. ಆಮೇಲೆ ನಮ್ಮವನ ಸರದಿ.

"ಇಲ್ಲಿಂದ ಹೊರಗೆ ಹೋಗಬೇಕಾ ಅಂತ ಕೇಳ್ತಿದಾರೆ," ಎಂದೆ.

ಅವನು ಇಸ್ತ್ರಿ ಅಂಗಿಯವನನ್ನು ನೋಡಿದ. ಕುರ್ಚಿಯ ಆಳನ್ನು ನೋಡಿದ. ನನ್ನನ್ನು ನೋಡಿದ. ನಾನು ಹೂಂ ಎಂದರೆ ಅವನೂ ಹೂಂ ಎನ್ನುತ್ತಾನೆಂದು ಗೊತ್ತಿತ್ತು. ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡೆ. ಆಂಟಿ ಪೊಲೀಸರಿಗೆ, "ಇವರಿಬ್ಬರು ಸ್ವಲ್ಪ ಹೊರಗೆ ನಿಲ್ಲಲಿ," ಎಂದರು. ಅವರು ಹೊರಗೆ ಹೋದ ಮೇಲೆ ಅವನು ಪಿಸುಗುಟ್ಟಿದ.

"ಹೂಂ ಅಂದ್ರ ಜೇಲಿಗೆ ಹಾಕ್ತಾರೇನ್ರಿ ಅಕ್ಕಾರ?"

ಅದನ್ನು ಹಾಗೇ ಅನುವಾದಿಸಿದೆ. ಇಬ್ಬರಲ್ಲಿ ಹೆಣ್ಣುಮಗಳಾಗಿದ್ದ ಪೊಲೀಸು ಅವನ ಕೈಯ ಬಟ್ಟೆಯನ್ನು ನೋಡುತ್ತ, "ಇಲ್ಲ. ನಾವು ಕೇಳ್ತಿರೋದು ಇಷ್ಟೇ. ನಿಮಗೆ ಇಲ್ಲಿರೋಕೆ ಇಷ್ಟ ಇದೆಯಾ, ಇಲ್ಲವಾ?" ಎಂದಳು.

"ಇಲ್ರಿ. ಹೊರಗ ಹೋಗ್ಬೇಕ್ರಿ. ಊರಿಗಲ್ಲ ಮತ್ತ. ಮೊದಲ ದವಾಖಾನಿಗೆ."

ಅದನ್ನೂ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ತಮಿಳು ಹುಡುಗ ಅಷ್ಟರಲ್ಲಿ ತನ್ನ ಚೀಲದ ಜಿಪ್ಪು ಎಳೆಯುತ್ತಿದ್ದ, ಅವನೂ ಬರುವವನಿದ್ದ.

ಗಂಡನ ಸಹೋದ್ಯೋಗಿ ಅರ್ಧ ದಿನ ರಜೆ ಹಾಕಿ ಟ್ಯಾಕ್ಸಿಯಲ್ಲಿ ಬಂದಳು. ಗೇಟಿನಲ್ಲಿ ಕಾವಲುಗಾರ ಅಂಕಲ್ ಇಬ್ಬರ ಚೀಲಗಳನ್ನೂ ತಾವೇ ಎತ್ತಿ ಡಿಕ್ಕಿಗೆ ಇಟ್ಟರು. ಆಸ್ಪತ್ರೆಯಲ್ಲಿ ನಮ್ಮ ಬಾಗಲಕೋಟೆಯವನ ಕೈಯ ಎಕ್ಸ್‌ರೇ ತೆಗೆದರೆ ಎರಡು ಬೆರಳಿನ ಮೂಳೆ ಮುರಿದು ಅಡ್ಡಾದಿಡ್ಡಿ ಕೂಡಿಕೊಳ್ಳುತ್ತಿತ್ತು. ಆಪರೇಷನ್ ಆಯಿತು. ಕೇಸ್ ದಾಖಲಾಗಿ, ಮುಗಿಯುವ ತನಕ ಇರಲು ಪಾಸೂ ಸಿಕ್ಕಿತು. ಸಹೋದ್ಯೋಗಿಯ ಗುಂಪಿನವರು ನಡೆಸುವ ವಸತಿಯಲ್ಲಿ ಅವನಿಗೂ ತಮಿಳು ಹುಡುಗನಿಗೂ ಒಂದೊಂದು ಹಾಸಿಗೆ ಸಿಕ್ಕಿತು.

ಇಷ್ಟಾದ ಮೇಲೆ ಆಂಟಿ ಕಾಯಲಿಲ್ಲ, ಕಮಿಟಿಯನ್ನು ತುರ್ತಾಗಿ ಸೇರಿಸಿದರು. ಮೀಟಿಂಗು ನಡೆದದ್ದು ಕೇಕ್ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ, ಅಧ್ಯಕ್ಷರು ಆ ಕಾರ್ಖಾನೆಯ ಮುದುಕರು. ನನ್ನ ಕೆಲಸ ಮಾತುಗಳನ್ನು ಬರೆದುಕೊಳ್ಳುವುದು. ಆಂಟಿ ತಾವು ಯೋಚಿಸಿದ್ದನ್ನು ಓದಿದರು. ನಮ್ಮ ಕಾವಲುಗಾರರು ಯಾರನ್ನೂ ಹೊರಗೆ ಹೋಗದಂತೆ ತಡೆಯಬಾರದು. ಒಳಗೆ ಜನ ಇರುವಾಗ ಯಾವ ಯೂನಿಟ್ಟಿಗೂ ಹೊರಗಿನಿಂದ ಬೀಗ ಹಾಕಬಾರದು. ಅಧಿಕಾರ ಇರುವ ಸರ್ಕಾರಿ ಅಧಿಕಾರಿಗಳು ಬಂದರೆ ಬಾಗಿಲು ತೆರೆಯುತ್ತೇವೆ, ಸಹಕರಿಸುತ್ತೇವೆ. ಆದರೆ ಯಾರ ಪರವಾಗಿಯೂ ಯಾರನ್ನೂ ನಾವು ಹಿಡಿದಿಟ್ಟುಕೊಳ್ಳುವುದಿಲ್ಲ.

ಇಸ್ತ್ರಿ ಅಂಗಿಯವನಿಗೂ ಮಾತಾಡಲು ಬಿಟ್ಟರು. ಅವನು ಸಿಟ್ಟು ಮಾಡಲಿಲ್ಲ.

"ನಾನು ಯಾರಿಗೂ ಹೊಡೆದಿಲ್ಲ. ಹೊತ್ತುಹೊತ್ತಿಗೆ ಊಟ ಕೊಟ್ಟಿದೀನಿ. ಒಬ್ಬ ಕಾಣೆಯಾದರೆ ಅವನಿಗಾಗಿ ಸರ್ಕಾರಕ್ಕೆ ಜಾಮೀನು ಹಣ ಕಟ್ಟಿರೋ ಕಂಪನಿ ಕಷ್ಟಕ್ಕೆ ಬೀಳುತ್ತೆ. ಆ ಭಯ ಇರೋ ತನಕ ನನ್ನಂಥವನು ಇರ್ತಾನೆ."

"ಅದು ಕಂಪನಿಗೂ ಸರ್ಕಾರಕ್ಕೂ ಬಿಟ್ಟ ಲೆಕ್ಕ," ಎಂದರು ಅಧ್ಯಕ್ಷರು. "ನಡುವೆ ನಮ್ಮ ಗೇಟು ಯಾಕೆ?"

ಕೆಳಗಿನ ಕಾರು ರಿಪೇರಿಯ ಮಾಲೀಕ ಮಾತ್ರ ಒಪ್ಪಲಿಲ್ಲ. ಕೈಗೆ ಎಣ್ಣೆ ಅಂಟಿಕೊಂಡೇ ಬಂದಿದ್ದ, ಒರಟು ಮನುಷ್ಯ. "ಈ ನಿಯಮ ಮಾಡಿದ್ರೆ ಇವನು ಖಾಲಿ ಮಾಡಿ ಎದುರು ರಸ್ತೆಗೆ ಹೋಗ್ತಾನೆ. ಅಲ್ಲೂ ಅದೇ ಚಾಪೆ, ಅದೇ ಕುರ್ಚಿ. ಅಲ್ಲಿ ಓಣಿಯಲ್ಲಿ ಈಕೆ ಥರ ಅವರ ಭಾಷೆ ಬರೋರು ನಡೆದಾಡ್ತಾರಾ? ಇಲ್ಲೇ ಇರಲಿ, ನಮ್ಮ ಕಣ್ಣ ಮುಂದೆ ಇರಲಿ, ನಾವು ನೋಡ್ಕೊಳ್ಳೋಣ. ಅದು ಒಳ್ಳೇದಲ್ವಾ?"

ನನ್ನ ಪೆನ್ನು ನಿಂತುಹೋಯಿತು. ಹಿಂದಿನ ದಿನದಿಂದ ನನ್ನನ್ನು ಕೊರೆಯುತ್ತಿದ್ದದ್ದೂ ಅದೇ ಪ್ರಶ್ನೆ. ಪಕ್ಕದ ಕೋಣೆಯಲ್ಲಿ ಹಿಟ್ಟು ಕಲೆಸುವ ಯಂತ್ರ ತಿರುಗುತ್ತಲೇ ಇತ್ತು.

ಕೊನೆಗೆ ಆಂಟಿ ಹೇಳಿದರು. "ನಾವು ನೋಡ್ಕೊಳ್ತೀವಿ ಅಂದರೆ ನಮ್ಮ ಗಾರ್ಡ್ ನೋಡ್ಕೋಬೇಕು. ಅವರು ಜೋಹೋರ್‌ನಿಂದ ಬರೋ ಮನುಷ್ಯ, ಅವರದ್ದೂ ಪರ್ಮಿಟ್ಟೇ. ಅವರ ಕೈಯಲ್ಲಿ ಈ ಕೆಲಸ ನಾನು ಮಾಡಿಸೋದಿಲ್ಲ. ಬೇಕಿದ್ದರೆ ನೀವು ಗೇಟಲ್ಲಿ ನಿಲ್ಲಿ."

ಕಾರಿನವನೂ ನಕ್ಕುಬಿಟ್ಟ. ಆದರೂ ಕೈ ಎತ್ತಲಿಲ್ಲ. ಉಳಿದವರೆಲ್ಲ ಎತ್ತಿದರು, ನಿಯಮ ಪಾಸಾಯಿತು. ಮೀಟಿಂಗು ಮುಗಿದ ಮೇಲೆ ಅದೇ ಕಾರಿನವನು ನನ್ನ ಹತ್ತಿರ ಬಂದು, "ಆ ವೆಲ್ಡರ್ ಕೈ ಹೇಗಿದೆ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು ಹೋದ.

ತಿಂಗಳು ತುಂಬುವುದರೊಳಗೆ ಇಸ್ತ್ರಿ ಅಂಗಿಯವನು ಖಾಲಿ ಮಾಡಿದ. ಹೋಗುವಾಗಲೂ ಬಿಸ್ಕತ್ತು ಕೊಟ್ಟೇ ಹೋದ. ಕಾರಿನವನು ಅಂದಂತೆಯೇ, ಎರಡು ರಸ್ತೆ ಆಚೆ ಇನ್ನೊಂದು ಕಟ್ಟಡದಲ್ಲಿ ಅವನ ವ್ಯಾನು ನಿಲ್ಲುವುದನ್ನು ಬಸ್ಸಿನ ಕಿಟಕಿಯಿಂದ ನಾನೇ ನೋಡಿದೆ. ನಮ್ಮ ಕೈ ತೊಳೆದುಕೊಂಡೆವು, ನೀರು ಹರಿದು ಪಕ್ಕದ ಮನೆಯ ಅಂಗಳಕ್ಕೆ ಹೋಯಿತು, ಅಷ್ಟೇನಾ? ಆಂಟಿಗೆ ಹೇಳಿದೆ. ಅವರು ಎಂದಿನಂತೆ ಬನ್ನು ತಿನ್ನುತ್ತ, "ಆ ಬಿಲ್ಡಿಂಗ್ ಮ್ಯಾನೇಜರ್ ನನಗೆ ಗೊತ್ತು. ನಮ್ಮ ನಿಯಮ ಅವನಿಗೂ ಕಳಿಸು. ಸುತ್ತಮುತ್ತ ಇರೋ ಎಲ್ಲರಿಗೂ ಕಳಿಸು," ಎಂದರು. ಆ ಮಧ್ಯಾಹ್ನವೆಲ್ಲ ಅದೇ ಕೆಲಸ ಮಾಡಿದೆ.

ಒಂದು ಭಾನುವಾರ ನಮ್ಮ ಬಾಗಲಕೋಟೆಯವನನ್ನು ಮನೆಗೆ ಊಟಕ್ಕೆ ಕರೆದೆವು. ಗಂಡ ತಾನೇ ಜುರಾಂಗ್ ಈಸ್ಟ್ ಸ್ಟೇಷನ್ನಿಗೆ ಹೋಗಿ ಕರೆತಂದ. ಲಿಟಲ್ ಇಂಡಿಯಾದಲ್ಲಿ ಜೋಳದ ಹಿಟ್ಟು ಸಿಕ್ಕಿತ್ತು, ಆದರೆ ನನ್ನ ರೊಟ್ಟಿಗಳು ಒಂದೂ ದುಂಡಗೆ ಬರಲಿಲ್ಲ, ಅಂಚೆಲ್ಲ ಒಡೆದಿದ್ದವು. ಅವನು ನಾಚಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದ. ಮಗಳು ಬಂದು ಬ್ಯಾಂಡೇಜನ್ನು ನೋಡಿ, "ಅಂಕಲ್, ಪೇನ್ ಆಗತ್ತಾ?" ಎಂದಳು.

"ಸ್ವಲ್ಪ ಆಗ್ತದವ್ವಾ."

"ಹಾಗಾದ್ರೆ ನೀವು ಸ್ಪೂನಲ್ಲಿ ತಿನ್ನಿ ಲಾ. ಅಮ್ಮ ಬೈಯಲ್ಲ," ಎಂದಳು, ಶಾಲೆಯಲ್ಲಿ ಕಲಿತ ಸಿಂಗಪುರದ 'ಲಾ' ಸೇರಿಸಿ.

ರೊಟ್ಟಿಯನ್ನು ಚಮಚದಲ್ಲಿ ತಿನ್ನುವುದು ಹೇಗೆಂದು ಅವನು ನನ್ನ ಕಡೆ ನೋಡಿದ. ಎಲ್ಲರಿಗೂ ನಗು ಬಂತು. ಆಮೇಲೆ ಮಾತು ಸಲೀಸಾಯಿತು. ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಂಡ. ಗಂಡ ಅವನನ್ನು ಯಾರ್ಡಿನ ಕೆಲಸದ ಬಗ್ಗೆ ಕೇಳುತ್ತ ಕೂತ. ಹಡಗಿನ ಹೊಟ್ಟೆಯೊಳಗೆ ಎಷ್ಟು ಸೆಕೆ, ಅಲ್ಲಿ ಹಾಡು ಹೇಳಿದರೆ ದನಿ ಹೇಗೆ ತಿರುಗಿ ಬರುತ್ತದೆ, ಅದೆಲ್ಲ ಹೇಳಿದ. ಅವನನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಗಂಡ, ಪಾತ್ರೆ ತೊಳೆಯುತ್ತಿದ್ದ ನನ್ನ ಹಿಂದೆ ನಿಂತು, "ನಾನು ಅವತ್ತು ರೂಲ್ ಅಂದೆ. ರೂಲ್ ಇರ್ಲಿ. ಆದ್ರೆ ಊಟಕ್ಕೆ ಕೂತ ಮನುಷ್ಯನ್ನ ನೋಡಿದ್ರೆ ಬೇರೆ ಥರ ಅನ್ಸತ್ತೆ," ಎಂದ.

ಕೇಸು ಮುಗಿಯಲು ವರ್ಷಕ್ಕೆ ಹತ್ತಿರ ಹಿಡಿಯಿತು. ಆ ಕಾಯುವಿಕೆ ಸುಲಭದ್ದಲ್ಲ. ಕೆಲಸ ಮಾಡುವಂತಿಲ್ಲ, ಹೊತ್ತು ಹೋಗುವುದಿಲ್ಲ. ಬೆರಳುಗಳು ಪೂರ್ತಿ ಮಡಚುವಂತಾಗಲಿಲ್ಲ, ಆದರೆ ಹಿಡಿತ ವಾಪಸ್ ಬಂತು. ಇಲ್ಲಿ ಬೇರೆ ಕೆಲಸ ಹುಡುಕುವುದೇ ಎಂದು ಕೇಳಿದರೆ, ಸಾಕ್ರಿ ಎಂದ. ಏರ್‌ಪೋರ್ಟಿಗೆ ಅವನ ಜೊತೆ ನಾವು ಮೂವರೂ ಹೋದೆವು. ತನ್ನ ಪಾಸ್‌ಪೋರ್ಟನ್ನು ತಾನೇ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಆಗಾಗ ಮುಟ್ಟಿ ನೋಡಿಕೊಳ್ಳುತ್ತ ಒಳಗೆ ಹೋದ. ಒಮ್ಮೆ ತಿರುಗಿ ಬಲಗೈ ಎತ್ತಿದ. ಈಗ ಹುಬ್ಬಳ್ಳಿಯಲ್ಲಿ ಯಾರದೋ ಪಾಲುದಾರಿಕೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡು ಹಾಕಿದ್ದಾನೆ. ಯುಗಾದಿಗೆ ಫೋನ್ ಮಾಡುತ್ತಾನೆ.

ಕಳಿಸಿದ ನಿಯಮಕ್ಕೆ ಹೆಚ್ಚಿನ ಕಟ್ಟಡದವರು ಉತ್ತರವನ್ನೇ ಕೊಡಲಿಲ್ಲ. ಇಸ್ತ್ರಿ ಅಂಗಿಯವನು ಹೋಗಿ ಸೇರಿದ ಕಟ್ಟಡದ ಮ್ಯಾನೇಜರ್ ಮಾತ್ರ ಬಹಳ ದಿನಗಳ ನಂತರ ಫೋನ್ ಮಾಡಿದ. ಆಂಟಿ ಊಟಕ್ಕೆ ಹೋಗಿದ್ದರು, ನಾನೇ ಎತ್ತಿದೆ. ನಿಮ್ಮ ನಿಯಮವನ್ನೇ ನಮ್ಮ ಕಮಿಟಿಯ ಮುಂದೆ ಇಡುತ್ತಿದ್ದೇನೆ, ಎರಡನೇ ಸಾಲಿನಲ್ಲಿ ಬೀಗದ ವಿಷಯವನ್ನು ಇನ್ನಷ್ಟು ಬಿಡಿಸಿ ಬರೆಯಬೇಕೇನೋ, ನಿಮಗೇನನ್ನಿಸುತ್ತದೆ ಎಂದು ಕೇಳಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಆಂಟಿ ಬರುವವರೆಗೂ ಆ ಒಂದು ಸಾಲನ್ನು ಇಬ್ಬರೂ ಸೇರಿ ತಿದ್ದುತ್ತಿದ್ದೆವು.